ಎಲುಬಿನ ಕೀಲಿ

ನದಾಫ ಕಾಕಾ ಆ ದಿನ ರಜೆಯ ಮೇಲಿದ್ದರು. ಆದರೂ ಅವರ ಕೀಲಿ ಸರ್ವರಿನ ಬಾಗಿಲು ತಟ್ಟುತ್ತಿತ್ತು.

ಗದಗಿನ ನಿಯಂತ್ರಣ ಕೊಠಡಿಗೆ ಆಗಷ್ಟೇ ಬೆಳಗಿನ ಚಹಾ ಬಂದಿತ್ತು. ಲೋಟಕ್ಕೆ ಕೈಚಾಚಿದ್ದ ಸಾವಂತ್ರಿ ಕಮ್ಮಾರ ಪರದೆಯ ಮೇಲೆ ಮೂಡಿದ ಸಾಲು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು. ‘ಇಮಾಮಸಾಬ ನದಾಫ. ಕೀಲಿ ಸರಿ. ಗುಪ್ತವಾಕ್ಯ ತಪ್ಪು.’

ಇಮಾಮಸಾಬರು ಅವಳಿಗೆ ಈ ಕೆಲಸ ಕಲಿಸಿದವರು. ಇಷ್ಟು ವರ್ಷಗಳಲ್ಲಿ ಅವರ ಗುಪ್ತವಾಕ್ಯ ಒಮ್ಮೆಯೂ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ಕಣ್ಣು ಮುಚ್ಚಿ, ತುಟಿ ಅಲುಗಿಸದೆ, ಒಂದೇ ಉಸಿರಿಗೆ ಬೆರಳಾಡಿಸಿ ಮುಗಿಸುವ ಮನುಷ್ಯ. ಅವರ ಫೋನಿಗೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮನೆಗೆ ಮಾಡಿದಳು. ಅವರ ಹೆಂಡತಿ ಹಜರತಬಿ ಎತ್ತಿಕೊಂಡು, ಮಟನ್ ತರಲು ಹೋದವರು ಇನ್ನೂ ಬಂದಿಲ್ಲ, ದಾರಿಯಲ್ಲಿ ಯಾರೋ ಹಳೇ ದೋಸ್ತರು ಸಿಕ್ಕಿರಬೇಕು ಎಂದು ನಗುತ್ತಲೇ ಹೇಳಿದರು. ಆ ನಗು ಕಿವಿಯಲ್ಲಿರುವಾಗಲೇ ಎರಡನೆಯ ಸಾಲು ಬಂತು. ಕೀಲಿ ಸರಿ. ಗುಪ್ತವಾಕ್ಯ ತಪ್ಪು.

ಮರೆತು ತಪ್ಪಿದವನು ತಕ್ಷಣ ಮತ್ತೊಮ್ಮೆ ಪ್ರಯತ್ನಿಸುತ್ತಾನೆ. ಈ ಎರಡು ಸಾಲುಗಳ ನಡುವೆ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು. ಆ ನಡುವಿನ ಹೊತ್ತಿನಲ್ಲಿ ಕಾಕಾರಿಗೆ ಏನು ಮಾಡಿದ್ದಾರೆ ಎಂಬುದು ಸಾವಂತ್ರಿಗೆ ಹೊಳೆದುಬಿಟ್ಟಿತು. ಪೊಲೀಸರಿಗೆ ಫೋನು ಹಚ್ಚಿ, ಹೆಸರು ಹೇಳಿ, ವಿಳಾಸ ಹೇಳುತ್ತಿದ್ದಾಗಲೇ ಮೂರನೆಯ ಸಾಲೂ ಬಂತು.

‘ಗುಪ್ತವಾಕ್ಯ ತಪ್ಪು. ಕೀಲಿ ನಾಶವಾಗಿದೆ.’

ಅತ್ತ ಕಡೆಯ ಪೇದೆ ಹಲೋ ಹಲೋ ಎನ್ನುತ್ತಿದ್ದ. ಕೀಲಿ ನಾಶವಾಯಿತೆಂದರೆ, ಕಾಕಾರನ್ನು ಹಿಡಿದಿಟ್ಟುಕೊಂಡವರಿಗೆ ಇನ್ನು ಕಾಕಾ ಬೇಕಿಲ್ಲ.

ಪಾಸ್‌ವರ್ಡುಗಳ ಕಾಲ ಮುಗಿದು ಬಹಳ ವರ್ಷಗಳಾಗಿದ್ದವು. ಜನ ಮಕ್ಕಳ ಹೆಸರನ್ನೇ ಪಾಸ್‌ವರ್ಡ್ ಮಾಡುತ್ತಿದ್ದರು, ಮರೆತೀತೆಂದು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದರು. ಎಲ್ಲೋ ಕುಳಿತ ಕಳ್ಳರು ಯಂತ್ರ ಹಚ್ಚಿ ಕಣ್ಣು ಮಿಟುಕಿಸುವುದರೊಳಗೆ ಅದನ್ನು ಊಹಿಸುತ್ತಿದ್ದರು. ಆಮೇಲೆ ಜೋಡಿ ಕೀಲಿಗಳು ಬಂದವು. ಒಂದು, ಸರ್ವರಿನಲ್ಲಿ ಎಲ್ಲರಿಗೂ ಕಾಣುವಂತೆ ಕೂರುವ ಬೀಗ. ಇನ್ನೊಂದು, ಒಡೆಯನ ಕಂಪ್ಯೂಟರಿನಲ್ಲಿ ಗುಟ್ಟಾಗಿರುವ ಕೀಲಿ. ಕಂಪ್ಯೂಟರಿನಲ್ಲಿದ್ದದ್ದೂ ಕಳುವಾಗತೊಡಗಿದಾಗ ವಿಜ್ಞಾನಿಗಳು ಕೀಲಿಯನ್ನು ಮನುಷ್ಯನ ಮೈಯೊಳಗೇ ಹೂತರು. ಜೀರಿಗೆ ಕಾಳಿನಷ್ಟು ದೊಡ್ಡದು. ಕೊರಳ ಕೆಳಗಿನ ಎಲುಬಿನಲ್ಲಿ ಕೂತು ರಕ್ತದ ಬಿಸುಪಿನಲ್ಲೇ ಬದುಕುತ್ತದೆ. ಮನುಷ್ಯ ಸತ್ತರೆ ಅದೂ ಸಾಯುತ್ತದೆ, ಕೊಯ್ದು ತೆಗೆದರೂ ಸಾಯುತ್ತದೆ, ಗುಪ್ತವಾಕ್ಯ ಮೂರು ಸಲ ತಪ್ಪಿದರೂ ಸಾಯುತ್ತದೆ. ಲೋಹದ ಬಿಲ್ಲೆಯೊಂದನ್ನು ಎಲುಬಿಗೆ ಒತ್ತಿ ಹಿಡಿದು, ಒಡೆಯ ತನ್ನ ಗುಪ್ತವಾಕ್ಯವನ್ನು ಟೈಪು ಮಾಡಿದರೆ ಮಾತ್ರ ಅದು ಎಚ್ಚರಗೊಂಡು, ನೂರಾರು ಮೈಲಿಯಾಚೆಯ ಸರ್ವರ್ ಒಡ್ಡಿದ ಒಗಟಿಗೆ ಉತ್ತರ ಕೊಡುತ್ತದೆ. ಕೀಲಿ ಎಲುಬಿನಲ್ಲಿ, ವಾಕ್ಯ ತಲೆಯಲ್ಲಿ, ಇನ್ನು ಕದಿಯುವುದೇನನ್ನು ಎಂದು ಮಾಡಿದವರು ಹೆಮ್ಮೆಯಿಂದ ಕೇಳಿದರು.

ಅವರ ಗಣಿತದಲ್ಲಿ ತಪ್ಪಿರಲಿಲ್ಲ. ಯಾವ ಯಂತ್ರಕ್ಕೂ ಅದನ್ನು ಒಡೆಯಲಾಗಲಿಲ್ಲ. ಹಾಗಾಗಿ ಕಳ್ಳರು ಯಂತ್ರ ಬಿಟ್ಟು ಮಚ್ಚು ಹಿಡಿದರು. ಒಂದೂರಲ್ಲಿ ಬ್ಯಾಂಕಿನ ಅಧಿಕಾರಿಯೊಬ್ಬ ಚರಂಡಿಯಲ್ಲಿ ಸಿಕ್ಕ, ಹಲ್ಲಿಲ್ಲದ ಬಾಯಿ ತೆರೆದುಕೊಂಡು. ಇನ್ನೊಂದೂರಲ್ಲಿ ವಿದ್ಯುತ್ ಕೇಂದ್ರದ ಹೆಂಗಸಿನ ಎದುರೇ ಅವಳ ಮಗುವನ್ನು ಬಾವಿಯ ಮೇಲೆ ತಲೆಕೆಳಗಾಗಿ ಹಿಡಿದರು. ಎಲುಬುಗೀಲಿಯವರಿಗೆ ಬಾಡಿಗೆ ಮನೆ ಕೊಡಲು ಜನ ಹಿಂಜರಿದರು. ಹೆಣ್ಣುಮಕ್ಕಳು ಗಾಯದ ಗುರುತು ಮುಚ್ಚಲು ಕೊರಳುಪಟ್ಟಿಯ ಕುಪ್ಪಸ ಹೊಲಿಸಿಕೊಂಡರು. ಗಂಡಸರು ಕೆರೆಗಿಳಿದರೂ ಅಂಗಿ ಬಿಚ್ಚಲಿಲ್ಲ. ಕನ್ಯೆ ನೋಡಲು ಬಂದ ಬೀಗರು ಹುಡುಗಿಯ ಕೊರಳ ಕೆಳಗೆ ಬೆರಳಾಡಿಸಿ ನೋಡುವ ರೂಢಿಯೂ ಬಂತು.

ಸಾವಂತ್ರಿಯ ಕಚೇರಿ ಕಾಯುತ್ತಿದ್ದದ್ದು ಒಂದು ಸೆರೆಮನೆಯನ್ನು. ಅದಿರು ತೆಗೆದು ಬರಿದಾದ ಗಣಿಯ ಗುಂಡಿಯಲ್ಲಿ ಕಟ್ಟಿದ ಆ ಸೆರೆಮನೆಯೊಳಗೆ ಒಬ್ಬನೇ ಒಬ್ಬ ಕಾವಲುಗಾರನಿರಲಿಲ್ಲ. ಕಾವಲುಗಾರರಿದ್ದ ಸೆರೆಮನೆಗಳಲ್ಲಿ ಅವರನ್ನು ಕೊಳ್ಳುತ್ತಿದ್ದರು, ಇಲ್ಲವೇ ಕುತ್ತಿಗೆ ಕೊಯ್ಯುತ್ತಿದ್ದರು. ಇಲ್ಲಿ ಪ್ರತಿ ಬಾಗಿಲೂ, ಊಟದ ಕಿಂಡಿಯೂ, ನೀರಿನ ನಲ್ಲಿಯೂ ಬಂಡೆಯ ಕೆಳಗಿನ ಸರ್ವರಿನ ಮಾತು ಕೇಳುತ್ತಿದ್ದವು. ಸರ್ವರ್ ಕೇಳುತ್ತಿದ್ದದ್ದು ಮೂವರ ಮಾತನ್ನು: ಇಮಾಮಸಾಬರು, ಸಾವಂತ್ರಿ, ಮತ್ತು ಇವರಿಬ್ಬರ ಮೇಲಧಿಕಾರಿ ಹೊಸಮನಿ ಮೇಡಂ.

ಇಮಾಮಸಾಬರು ಬೆಟಗೇರಿಯ ಮುಚ್ಚಿಹೋದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಸಿಕ್ಕರು. ಹೇಳಲು ಬಂದ ಇನ್ಸ್‌ಪೆಕ್ಟರ್ ಬಹಳ ಕೊಲೆ ಕಂಡವನು. ಆದರೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಬಲಗೈ ಬೆರಳುಗಳು ಮುಗಿದ ಮೇಲೆ ಎಡಗೈ ಹಿಡಿದಿದ್ದಾರೆ, ಆಮೇಲೆ ಕಣ್ಣಿಗೆ ಬಂದಿದ್ದಾರೆ ಎಂದ. ಕೊರಳ ಎಲುಬನ್ನು ಮುಟ್ಟಿಲ್ಲ, ಅಲ್ಲಿ ಬಿಲ್ಲೆ ಒತ್ತಿದ ದುಂಡನೆಯ ಗುರುತು ಮಾತ್ರ ಇದೆ. ಕೊನೆಗೆ ಹಣೆಗೆ ಒಂದು ಗುಂಡು. ಸಾವಂತ್ರಿ ಹೊಸಮನಿ ಮೇಡಮ್ಮಿಗೆ ಫೋನು ಹಚ್ಚಿದಳು.

ಹೊಸಮನಿ ಮೇಡಂ ಕಲಬುರಗಿಯಿಂದ ಕಾವಲು ಪಡೆಯೊಂದಿಗೆ ಹೊರಟಿದ್ದರು. ಸರ್ವರಿನ ಪಟ್ಟಿಯಿಂದ ತನ್ನ ಬೀಗವನ್ನು ಅಳಿಸಿಬಿಡಲು ಸಾವಂತ್ರಿ ಅವರ ಅಪ್ಪಣೆ ಕೇಳಿದಳು. ಬೀಗ ಅಳಿಸಿದರೆ ಎಲುಬಿನಲ್ಲಿರುವುದು ಬರೀ ಕಬ್ಬಿಣದ ಚೂರು. ಅದಕ್ಕಾಗಿ ಯಾರೂ ಬರುವುದಿಲ್ಲ. ಮೇಡಂ ಒಪ್ಪಲಿಲ್ಲ. ತಾನು ದಾರಿಯ ಮೇಲಿದ್ದೇನೆ, ಅಷ್ಟರೊಳಗೆ ಸೆರೆಮನೆಯಲ್ಲಿ ಬೆಂಕಿ ಬಿದ್ದರೆ, ಒಬ್ಬನಿಗೆ ಎದೆ ಹಿಡಿದರೆ ಬಾಗಿಲು ತೆಗೆಯುವವರು ಯಾರು, ಕುರ್ಚಿ ಬಿಟ್ಟು ಏಳಬೇಡ ಎಂದರು. ಅವರು ಹೇಳಿದ್ದು ತಪ್ಪೆನ್ನುವಂತಿರಲಿಲ್ಲ.

ಸಾವಂತ್ರಿಯ ಗಂಡನನ್ನು ಕರೆತರಲು ಜೀಪು ಕಳಿಸುತ್ತೇನೆಂದು ಇನ್ಸ್‌ಪೆಕ್ಟರ್ ಹೊರಗೆ ಹೋದ. ಅವನ ಬೂಟಿನ ಸದ್ದು ಮೆಟ್ಟಿಲ ಮೇಲಿರುವಾಗಲೇ ಗಂಡನ ನಂಬರಿನಿಂದ ಫೋನು ಬಂತು.

“ಸಾವಂತ್ರಿ, ನೀ ಬರಬ್ಯಾಡ,” ಎಂದ ಗುರುಬಸು. ಅದರ ಹಿಂದೆಯೇ ಒಣ ಕಟ್ಟಿಗೆ ಮುರಿದಂಥ ಸದ್ದು. ಆಮೇಲೆ ಅವಳು ಹದಿನೈದು ವರ್ಷದ ಸಂಸಾರದಲ್ಲಿ ಎಂದೂ ಕೇಳದ ಒಂದು ದನಿ ಗಂಡನ ಬಾಯಿಂದ ಬಂತು.

ಇನ್ನೊಬ್ಬ ಮಾತಾಡಿದ. ಜೋರಿಲ್ಲ, ಅವಸರವಿಲ್ಲ. ಲ್ಯಾಪ್‌ಟಾಪು, ಬಿಲ್ಲೆ ತೆಗೆದುಕೊಂಡು ಒಬ್ಬಳೇ ಮನೆಗೆ ಬರಬೇಕು. ಗಂಡ ಹಾರ್ಮೋನಿಯಂ ಮುಟ್ಟಿಸಲು ಅಣ್ಣಿಗೇರಿಗೆ ಹೋಗಿದ್ದಾನೆಂದು ಪೊಲೀಸರಿಗೆ ಹೇಳಬೇಕು. ಜೀಪು ಮನೆಯ ಓಣಿಗೆ ಬಂದರೆ ಮೊದಲು ಸಾಯುವವನು ಗುರುಬಸು. ಸಾವಂತ್ರಿ ಇನ್ಸ್‌ಪೆಕ್ಟರಿಗೆ ಅದನ್ನೇ ಹೇಳಿದಳು. ಬಚ್ಚಲಿಗೆ ಹೋಗುವವಳಂತೆ ಎದ್ದು, ಲ್ಯಾಪ್‌ಟಾಪನ್ನೂ ಬಿಲ್ಲೆಯನ್ನೂ ಸೆರಗಿನಡಿ ಮುಚ್ಚಿಕೊಂಡು, ಹಿಂದಿನ ಮೆಟ್ಟಿಲಿಳಿದು, ರಿಕ್ಷಾ ಹಿಡಿದಳು.

ಗುರುಬಸು ಹಾರ್ಮೋನಿಯಂ ರಿಪೇರಿ ಮಾಡುವವನು. ಮುಂದಿನ ಕೋಣೆಯೇ ಕೆಲಸದ ಜಾಗ. ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಟ್ಟ ಪೆಟ್ಟಿಗೆಗಳು, ಅರಗಿನ ವಾಸನೆ. ಅವನನ್ನು ಅವನದೇ ಬೆಂಚಿಗೆ ಕಟ್ಟಿದ್ದರು. ಬಲಗೈಯ ಎರಡು ಬೆರಳು ಬೇರೆಯವರ ಬೆರಳಿನಂತೆ ಹಿಂದಕ್ಕೆ ಮಡಚಿಕೊಂಡಿದ್ದವು. ಬಾಗಿಲ ಬಳಿ ಒಬ್ಬ ಕಾವಲಿದ್ದ. ಕಬ್ಬಿಣದ ಸಲಾಕೆ ಹಿಡಿದು ಪಕ್ಕದಲ್ಲಿ ನಿಂತವನು ತಿಪ್ಪಣ್ಣ, ಚನ್ನವೀರ ಧಣಿಯ ಕಲ್ಲುಗಣಿಗಳಲ್ಲಿ ಅವನ ಹೆಸರು ಹೇಳಿದರೆ ಕೂಲಿಯವರು ದನಿ ತಗ್ಗಿಸುತ್ತಿದ್ದರು. ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದವನನ್ನು ಕಂಡು ಸಾವಂತ್ರಿಯ ಕಾಲು ಹೊಸ್ತಿಲಲ್ಲೇ ನಿಂತಿತು. ಅವನು ಪಂಪಾಪತಿ. ಕುಡಿದು ಕೆಲಸಕ್ಕೆ ಬಂದನೆಂದು ಹೊರಹಾಕುವವರೆಗೆ ಅವಳ ಪಕ್ಕದ ಕುರ್ಚಿಯಲ್ಲೇ ಕುಳಿತು ಕೆಲಸ ಮಾಡಿದವನು. ಅವನು ತಲೆ ಎತ್ತಲಿಲ್ಲ.

“ಎರಡ ಬಾಗ್ಲಾ ತೆಗೀರಿ ಅಕ್ಕಾರ,” ಎಂದ ತಿಪ್ಪಣ್ಣ. “ಮೂರನೇದ್ದು ಕೇಳಂಗಿಲ್ಲ.”

ಒಂದು ಬಾಗಿಲು ಯಮನೂರಿ ಎಂಬ ಕೈದಿಯದು. ಇನ್ನೊಂದು ಅವನ ಎದುರು ಸಾಲಿನದು. ಆ ಎರಡನೆಯದರೊಳಗಿದ್ದವರು ಧಣಿಯ ಕಡೆಯ ಇಬ್ಬರು ಕೈದಿಗಳು. ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ. ಮರುದಿನ ಯಮನೂರಿ ಕೋರ್ಟಿನಲ್ಲಿ ನಿಂತು ಧಣಿಯ ವಿರುದ್ಧ ಸಾಕ್ಷಿ ನುಡಿಯುವವನಿದ್ದ.

ಯಮನೂರಿ ಯಾರೆಂದು ಸಾವಂತ್ರಿಗೆ ಯಾರೂ ಹೇಳಬೇಕಿರಲಿಲ್ಲ. ಅಧಿಕಾರಿಗಳ ತಪಾಸಣೆಗೆ ಮೊದಲು ಕಳ್ಳಗಣಿಯ ಗುಂಡಿಯನ್ನು ಮುಚ್ಚಿಹಾಕಲು ಧಣಿ ಹೇಳಿದ್ದ. ಕೆಳಗೆ ಆಳುಗಳಿದ್ದಾರೆಂದು ತಿಳಿದೂ ಸಿಡಿಮದ್ದಿಗೆ ಬೆಂಕಿ ಕೊಟ್ಟವನು ಯಮನೂರಿ. ಆ ಆಳುಗಳಲ್ಲಿ ಅವಳ ತಮ್ಮ ಬಸಲಿಂಗನೂ ಇದ್ದ. ಮಣ್ಣು ಮಾಡಲು ಮನೆಯವರ ಕೈಗೆ ಸಿಕ್ಕಿದ್ದು ಚಪ್ಪಲಿ ಹಾಕಿದ್ದ ಒಂದು ಪಾದ.

“ನಿಮ್ಮ ತಮ್ಮನ್ನ ಕೊಂದಾವ ಅಂವ,” ತಿಪ್ಪಣ್ಣ ಮುಂದುವರಿಸಿದ. “ಅವನ್ನ ಉಳಿಸಾಕ ಗಂಡನ ಕೈ ಕಳೀತೀರೇನು?”

ಆ ಸೆರೆಮನೆಗೆ ಯಮನೂರಿ ಬಂದಂದಿನಿಂದ ಸಾವಂತ್ರಿ ಅವನನ್ನು ಕ್ಯಾಮೆರಾದಲ್ಲಿ ನೋಡುತ್ತಲೇ ಇದ್ದಳು. ಆ ಕೋಣೆಯ ಕಾವಲು ತನಗೆ ಬೇಡವೆಂದು ಮೇಡಮ್ಮಿಗೆ ಒಮ್ಮೆ ಕೇಳಿಕೊಂಡಿದ್ದಳು, ಆಗಲಿಲ್ಲ. ಅವನು ಉಣ್ಣುವುದನ್ನು, ನಿದ್ದೆ ಮಾಡುವುದನ್ನು, ಒಮ್ಮೊಮ್ಮೆ ಗೋಡೆಗೆ ಹಣೆ ಚಚ್ಚಿಕೊಳ್ಳುವುದನ್ನು ನೋಡಿದ್ದಳು. ಎಷ್ಟೋ ಸಲ ಅವನ ನೀರಿನ ನಲ್ಲಿಯ ಗುಂಡಿಯ ಮೇಲೆ ಬೆರಳಿಟ್ಟು ಹಾಗೇ ಕುಳಿತಿದ್ದಳು. ಮನಸ್ಸು ಮಾಡಿದ್ದರೆ ಅವನನ್ನು ಬಾಯಾರಿಸಿಯೇ ಕೊಲ್ಲಬಹುದಿತ್ತು. ಈಗ ಅದೇ ಕೆಲಸವನ್ನು ಬೇರೆಯವರು ಅವಳ ಕೈ ಹಿಡಿದು ಮಾಡಿಸುತ್ತೇವೆ ಎನ್ನುತ್ತಿದ್ದರು.

ಅವಳು ಸುಮ್ಮನಿದ್ದದ್ದನ್ನು ಹಟವೆಂದು ತಿಳಿದು ತಿಪ್ಪಣ್ಣ ಸಲಾಕೆ ಎತ್ತಿ ಗುರುಬಸುವಿನ ಮೂರನೆಯ ಬೆರಳಿನ ಮೇಲೆ ಬಿಟ್ಟ. ಈ ಸಲ ಎಲುಬು ಚರ್ಮ ಹರಿದು ಹೊರಗೆ ಬಂತು. ಗುರುಬಸು ಕೂಗಲಿಲ್ಲ, ತುಟಿ ಕಚ್ಚಿದ್ದಕ್ಕೆ ಗದ್ದದ ಮೇಲೆ ರಕ್ತ ಇಳಿಯಿತು.

“ನಿಮ್ಮ ಮುದುಕನೂ ಹಿಂಗ ಹಟ ಮಾಡಿದ,” ಎಂದ ತಿಪ್ಪಣ್ಣ. “ಎರಡ ಸಲ ಸುಳ್ಳ ಹೇಳಿದ. ಕಡೀಕ ಬಾಯಿ ಬಿಟ್ಟ. ಖರೇ ಮಾತು ಹೇಳಿದ ಅಂತ ಅವನ ಮಾರಿ ನೋಡೇ ನನಗ ಗೊತ್ತಾತು. ಈ ಮಬ್ಬ ಟೈಪ್ ಮಾಡೂದ್ರಾಗ ತಪ್ಪಿದ. ಕೈ ನಡುಗಿತಂತ.”

ಸಾವಂತ್ರಿ ಪಂಪಾಪತಿಯನ್ನು ನೋಡಿದಳು. ಕುಡಿದ ಅಮಲಿನಲ್ಲೂ ಒಂದಕ್ಷರ ತಪ್ಪದ ಕೈ ಅವನದು. ಇಡೀ ಕಚೇರಿಯಲ್ಲಿ ಅವನಷ್ಟು ಚೊಕ್ಕ ಟೈಪು ಮಾಡುವವರಿರಲಿಲ್ಲ. ಈಗ ಅವನು ತಲೆ ಎತ್ತಿದ. ಕಣ್ಣು ಊದಿಕೊಂಡಿದ್ದವು. ಅವರಿಬ್ಬರ ನೋಟ ಕೂಡಿದ್ದು ಒಂದು ಕ್ಷಣ. ಮತ್ತೆ ಅವನು ನೆಲ ನೋಡಿದ.

“ಅವರ ಕೈ ಬಿಡ್ರಿ,” ಎಂದಳು ಸಾವಂತ್ರಿ. “ತೆಗೀತೀನಿ.”

ಕುಪ್ಪಸದ ಕೊರಳುಪಟ್ಟಿ ಸಡಿಲಿಸಿ ಬಿಲ್ಲೆಯನ್ನು ಎಲುಬಿಗೆ ಒತ್ತಿಕೊಂಡಳು. ಗುಪ್ತವಾಕ್ಯವನ್ನು ಬಾಯಿಬಿಟ್ಟು ಹೇಳೆಂದ ತಿಪ್ಪಣ್ಣನಿಗೆ, ತಾನೇ ಟೈಪು ಮಾಡುವುದಾಗಿ, ಪಂಪಾಪತಿಯ ಕೈ ಮತ್ತೆ ಮತ್ತೆ ತಪ್ಪಿದರೆ ಈ ಕೀಲಿಯೂ ಸಾಯುವುದೆಂದು ಹೇಳಿದಳು. ಅವನು ಒಪ್ಪಿ, ಪಂಪಾಪತಿಯನ್ನು ಅವಳ ಹೆಗಲ ಹಿಂದೆ ನಿಲ್ಲಿಸಿದ. ಓದು ಬರಹ ತಿಳಿಯದ ತಿಪ್ಪಣ್ಣನಿಗೆ ಪರದೆಯ ಮೇಲಿನ ಪ್ರತಿಯೊಂದನ್ನೂ ಅವನೇ ಹೇಳಬೇಕಿತ್ತು.

ಸರ್ವರ್ ತೆರೆದುಕೊಂಡಿತು. ಬಾಗಿಲುಗಳ ಸಾಲು ಬಂತು, ಕ್ಯಾಮೆರಾ ಬಂತು. ಯಮನೂರಿ ಕಿಂಡಿಯ ಬೆಳಕಿನಲ್ಲಿ ಕುಳಿತು ಬಟ್ಟಲಿನ ನೀರಿನಿಂದ ತಲೆಗೂದಲು ಒದ್ದೆ ಮಾಡಿ ಬಾಚಿಕೊಳ್ಳುತ್ತಿದ್ದ. ಸಾವಂತ್ರಿಗೆ ಅವನ ಮೇಲೆ ಕರುಣೆ ಹುಟ್ಟಲಿಲ್ಲ. ಇವನು ಸತ್ತರೆ ಬಸಲಿಂಗ ಹೇಗೆ ಸತ್ತನೆಂದು ಬಾಯಿಬಿಟ್ಟು ಹೇಳುವವರು ಜಗತ್ತಿನಲ್ಲಿ ಯಾರೂ ಉಳಿಯುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು. ಬಾಗಿಲುಗಳ ಸಾಲನ್ನು ಮುಚ್ಚಿ, ಅವಳು ಬೀಗಗಳ ಪಟ್ಟಿಯನ್ನು ತೆರೆದಳು. ಅದರಲ್ಲಿ ತನ್ನ ಹೆಸರಿನ ಸಾಲನ್ನು ಆರಿಸಿದಳು. ಅಳಿಸಬೇಕೆ ಎಂದು ಸರ್ವರ್ ಕೇಳಿತು, ಗುಪ್ತವಾಕ್ಯವನ್ನು ಮತ್ತೊಮ್ಮೆ ಬೇಡಿತು.

ಕೋಣೆಯಲ್ಲಿ ಇದನ್ನು ಓದಬಲ್ಲವನು ಅವಳ ಬೆನ್ನ ಹಿಂದೆಯೇ ನಿಂತಿದ್ದ. ಅವನ ಉಸಿರು ಅವಳ ಕುತ್ತಿಗೆಗೆ ತಾಗುತ್ತಿತ್ತು.

“ಏನ್ ಬರಿಯಾಕತ್ತಾಳಲೇ?” ತಿಪ್ಪಣ್ಣ ಕೇಳಿದ.

“ಬಾಗಿಲದ ನಂಬರ್,” ಎಂದ ಪಂಪಾಪತಿ.

ಅವಳು ಬರೆದು ಮುಗಿಸಿದಳು. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಸಂಪರ್ಕ ಕಡಿದಿದೆ ಎಂಬ ಒಂದು ಸಾಲು ಉಳಿಯಿತು. ಕರಿ ಪರದೆಯ ಅರ್ಥ ತಿಳಿಯಲು ತಿಪ್ಪಣ್ಣನಿಗೆ ಓದು ಬೇಕಿರಲಿಲ್ಲ.

ಸಲಾಕೆ ಸಾವಂತ್ರಿಯ ಕೊರಳ ಕೆಳಗೆ, ಸರಿಯಾಗಿ ಬಿಲ್ಲೆಯ ಮೇಲೆ ಬಿತ್ತು. ಎಲುಬು ಮುರಿದದ್ದನ್ನು ಅವಳು ಕಿವಿಯಿಂದ ಕೇಳಿದಳು, ನೋವು ಆಮೇಲೆ ಬಂತು. ಎರಡನೆಯ ಏಟು ತಲೆಗೆ ಬರುವುದರೊಳಗೆ ಪಂಪಾಪತಿ ತಿಪ್ಪಣ್ಣನ ಸೊಂಟಕ್ಕೆ ಜೋತುಬಿದ್ದ. ಇಬ್ಬರೂ ಹಾರ್ಮೋನಿಯಂಗಳ ಮೇಲೆ ಉರುಳಿದರು. ಬಿಚ್ಚಿದ ತಿದಿಗಳಿಂದ ಗಾಳಿ ಹೊರಟು ಒಂದು ವಿಕಾರ ಸ್ವರ ಕೋಣೆ ತುಂಬಿತು. ಬಾಗಿಲ ಬಳಿಯವನು ಓಡಿ ಬಂದು ಪಂಪಾಪತಿಯ ಪಕ್ಕೆಗೆ ಚಾಕು ಹಾಕಿದ, ಎಳೆದು ಮತ್ತೆ ಹಾಕಿದ. ಬೆಂಚಿಗೆ ಕಟ್ಟಿಸಿಕೊಂಡಿದ್ದ ಗುರುಬಸು ಬೆಂಚಿನ ಸಮೇತ ಎದ್ದು ಆ ಚಾಕಿನವನ ಮೇಲೆ ಬಿದ್ದ. ಪಂಪಾಪತಿ ಮಾತ್ರ ಹಿಡಿದ ಸೊಂಟ ಬಿಡಲಿಲ್ಲ.

ಸಾವಂತ್ರಿಯ ಬಲಗೈ ಏಳಲಿಲ್ಲ. ಎಡಗೈಗೆ ಸಿಕ್ಕಿದ್ದು ಗಂಡನ ಉಳಿ. ತಿಪ್ಪಣ್ಣ ಪಂಪಾಪತಿಯನ್ನು ಒದ್ದು ಬಿಡಿಸಿಕೊಂಡು ಮೊಣಕಾಲೂರಿ ಏಳುತ್ತಿದ್ದ. ಅವಳು ಕಿವಿಯ ಕೆಳಗೆ ಉಳಿಯನ್ನಿಟ್ಟು ಮೈಭಾರವನ್ನೆಲ್ಲ ಬಿಟ್ಟಳು. ಒಳಗೆ ಹೋಗುವಾಗ ಅದು ಒಮ್ಮೆ ತಡೆಯಿತು, ಆಮೇಲೆ ತಡೆಯಲಿಲ್ಲ. ಬಿಸಿ ರಕ್ತ ಅವಳ ಮೊಣಕೈವರೆಗೂ ಬಂತು. ಅವನು ಅಲುಗಾಡುವುದು ನಿಂತ ಮೇಲೂ ಅವಳು ಉಳಿಯ ಹಿಡಿ ಬಿಡಲಿಲ್ಲ.

ಚಾಕಿನವನು ಓಡಿಹೋಗಿ ಓಣಿಯ ತುದಿಯಲ್ಲಿ ಸಿಕ್ಕಿಬಿದ್ದ. ಬೀಗ ಅಳಿಸಿದ ಕೂಡಲೇ ನಿಯಂತ್ರಣ ಕೊಠಡಿಯಲ್ಲಿ ಗಂಟೆ ಹೊಡೆದು ಪೊಲೀಸರು ಹೊರಟಿದ್ದರು. ಅವರು ಬಂದಾಗ ಪಂಪಾಪತಿ ಇನ್ನೂ ಬದುಕಿದ್ದ. ಸಾವಂತ್ರಿ ಅವನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಿದ್ದಳು. ಧಣಿಯ ಕಡೆಯವರಿಗೆ ಎಲುಬುಗೀಲಿಯ ವಿಚಾರವೆಲ್ಲ ಹೇಳಿಕೊಟ್ಟವನು ತಾನೇ ಎಂದ. ಬೆದರಿಸಿ ವಾಕ್ಯ ಕೇಳುತ್ತಾರೆ, ಅಷ್ಟಕ್ಕೇ ಮುಗಿಯುತ್ತದೆಂದು ತಿಳಿದಿದ್ದನಂತೆ. “ಕಾಕಾ ಖರೇ ವಾಕ್ಯ ಹೇಳಿಬಿಟ್ರು. ನಾನ ಒಂದಕ್ಷರ ಬದಲ ಮಾಡಿದೆ,” ಎಂದ. “ಕೀಲಿ ಸತ್ತ್ರ ಕಾಕಾನ್ನ ಬಿಡ್ತಾರ ಅಂದ್ಕೊಂಡಿದ್ದೆ.” ಜೀಪಿಗೆ ಎತ್ತುವಾಗ ಅವನ ಜೀವ ಹೋಯಿತು.

ಮರುದಿನ ಯಮನೂರಿ ಸಾಕ್ಷಿ ನುಡಿದ. ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿದ, ಬಸಲಿಂಗನದನ್ನೂ. ಧಣಿಯನ್ನು ಕೋರ್ಟಿನ ಆವರಣದಲ್ಲೇ ಬಂಧಿಸಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಅದನ್ನು ಕೇಳಿದ ಸಾವಂತ್ರಿಗೆ ಸಮಾಧಾನವೆಂಬುದೇನೂ ಆಗಲಿಲ್ಲ; ಕಿವಿಯ ಕೆಳಗೆ ಉಳಿ ತಡೆದ ಆ ಕ್ಷಣವೇ ಅಂಗೈಗೆ ಮತ್ತೆ ಮತ್ತೆ ಬರುತ್ತಿತ್ತು. ಆತ್ಮರಕ್ಷಣೆಯೆಂದು ಪೊಲೀಸರು ಅವಳ ಮೇಲಿನ ಪ್ರಕರಣ ಕೈಬಿಟ್ಟರು. ವೈದ್ಯರು ಎಲುಬಿನ ಚೂರುಗಳೊಂದಿಗೆ ಕೀಲಿಯ ಚೂರುಗಳನ್ನೂ ಆರಿಸಿ ತೆಗೆದರು. ಗುರುಬಸುವಿನ ಮೂರು ಬೆರಳು ಸೆಟೆದು ನಿಂತವು, ಸ್ವರ ಹಿಡಿಯುವಷ್ಟು ಮತ್ತೆ ಬಾಗಲಿಲ್ಲ. ಎಡಗಡೆಯ ಎಲುಬಿಗೆ ಹೊಸ ಕೀಲಿ ಕೂರಿಸಿಕೊಂಡು ಕೆಲಸಕ್ಕೆ ಬರಬೇಕೆಂದು ಹೊಸಮನಿ ಮೇಡಂ ತಾವೇ ಬಂದು ಕೇಳಿದರು. ಸಾವಂತ್ರಿ ಆಗುವುದಿಲ್ಲ ಎಂದಳು. ಮೇಡಂ ಎರಡನೆಯ ಸಲ ಕೇಳಲಿಲ್ಲ.

ಇಮಾಮಸಾಬರ ನಲವತ್ತನೆಯ ದಿನದ ಓದು ಮುಗಿದು, ಊಟ ಮುಗಿದು, ಬಂದವರೆಲ್ಲ ಹೋದ ಮೇಲೆ ಹಜರತಬಿ ಸಾವಂತ್ರಿಯನ್ನು ಅಡುಗೆಮನೆಗೆ ಕರೆದು ಮಣೆಯ ಮೇಲೆ ಕೂರಿಸಿದರು. ತಾವು ಅಕ್ಕಿ ಆರಿಸುತ್ತ ಕುಳಿತರು.

“ಪೇಪರಿನವರು ಬರದಾರ, ಅವರು ಕಡೀತನಕಾ ಬಾಯಿ ಬಿಡಲಿಲ್ಲಂತ. ನೀ ಆವತ್ತು ಪರದೆ ಮುಂದ ಇದ್ದಾಕಿ. ಖರೇ ಏನು?”

“ಖರೇ ಕಾಕು,” ಎಂದಳು ಸಾವಂತ್ರಿ. “ಮೂರೂ ಸಲ ತಪ್ಪ ಹೇಳಿದ್ರು.”

ಹಜರತಬಿ ತಲೆಯಾಡಿಸಿದರು. ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು.

“ನನಗ ಗೊತ್ತಿತ್ತವ್ವ ಆ ವಾಕ್ಯ. ನಿದ್ದ್ಯಾಗ ಬಡಬಡಸ್ತಿದ್ರು. ದಿನಾ ಅದ ಒಂದ ಮಾತು. ಮೊದಲ ಮೊದಲ ಏನೋ ಕನಸಂತಿದ್ದೆ, ಆಮ್ಯಾಲ ತಿಳೀತು. ನಾ ಯಾರ ಮುಂದೂ ಅಂದಿಲ್ಲ, ಅವರ ಮುಂದೂ ಅಂದಿಲ್ಲ.” ಮೊರವನ್ನು ಕೆಳಗಿಟ್ಟರು. “ನನ್ನ ಬಂದು ಕೇಳಿದ್ರ ಹೇಳಿಬಿಡ್ತಿದ್ದೆ. ನಿಂತ ಕಾಲ ಮ್ಯಾಲ ಹೇಳ್ತಿದ್ದೆ. ಯಾರೂ ನನ್ನ ಕೇಳಲಿಲ್ಲ.”

ಆಮೇಲೆ ಅವರು ಅದನ್ನು ಹೇಳಿದರು, ಅಂಗಡಿಯಿಂದ ತರಬೇಕಾದ ಸಾಮಾನು ಹೇಳುವಷ್ಟು ಸಾದಾ ದನಿಯಲ್ಲಿ: ಹಜರತಬಿಯ ಹಸಿರು ಬಳಿ ಒಡೆದದ್ದು ಲಕ್ಷ್ಮೇಶ್ವರದ ಬಸ್ಸಿನ್ಯಾಗ.

ಆ ಕೀಲಿ ಸತ್ತು, ಕೀಲಿಯಿದ್ದ ಎಲುಬು ಮಣ್ಣು ಸೇರಿ ನಲವತ್ತು ದಿನವಾಗಿತ್ತು. ಆ ವಾಕ್ಯದಿಂದ ಇನ್ನು ಜಗತ್ತಿನ ಯಾವ ಬಾಗಿಲೂ ತೆರೆಯುವಂತಿರಲಿಲ್ಲ. ಆದರೂ ಸಾವಂತ್ರಿ ಧಡಕ್ಕನೆ ಎದ್ದು, ಓಣಿಯಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ಇಣುಕಿ ನೋಡಿ, ಅಡುಗೆಮನೆಯ ಬಾಗಿಲಿಗೆ ಅಗಳಿ ಹಾಕಿದಳು.